ಮೂರು ನಲವತ್ತರ ಟ್ರಿಪ್

ಮಾರ್ಚ್ 3, ಮಂಗಳವಾರ

ಬಟ್ಟೆ ಸೋಪು ಎರಡು, ಅಕ್ಕನ ಶೀತದ ಮಾತ್ರೆ, ಬಾತ್‌ರೂಮಿಗೆ ಬಲ್ಬು. ಬಲ್ಬು ಮರೆತು ಬಂದೆ. ಬೈಸಿಕೊಳ್ಳಲು ತಯಾರಾಗಿ ಒಳಗೆ ಬಂದರೆ ಅಕ್ಕನಿಗೆ ಬಲ್ಬಿನ ನೆನಪೇ ಇಲ್ಲ. ಕನ್ನಡಕ ಹಣೆಗೇರಿಸಿ ಊಟದ ಮೇಜಿನ ಮುಂದೆ ಕೂತಿದ್ದಾಳೆ. ಕೈಯಲ್ಲಿ ಕಾರಿನ ಇನ್ಶೂರೆನ್ಸ್ ಕಾಗದ. ರಿನ್ಯೂವಲ್. ಹೋದ ವರ್ಷದ್ದಕ್ಕಿಂತ ಒಂದೂವರೆ ಪಟ್ಟು.

ಫೋನ್ ಹಚ್ಚಿದಳು, ಸ್ಪೀಕರ್ ಹಾಕಿ. ನಾನೂ ಕೇಳಬೇಕಂತೆ.

"ಮೇಡಂ, ನಿಮಗೆ ಎಪ್ಪತ್ತೈದು ದಾಟಿದೆ. ಆ ಏಜ್ ಗ್ರೂಪಿಗೇ ರೇಟ್ ಏರಿದೆ" ಅಂದಳು ಆ ಕಡೆಯ ಹುಡುಗಿ.

"ನಾನು ವರ್ಷಕ್ಕೆ ಓಡಿಸೋದೇ ಎರಡು ಸಾವಿರ ಕಿಲೋಮೀಟರು. ಮೂವತ್ನಾಲ್ಕು ವರ್ಷ ಡ್ರೈವಿಂಗ್ ಕಲಿಸಿದೀನಿ. ಇವತ್ತಿನವರೆಗೆ ಒಂದು ಕ್ಲೇಮ್ ಇಲ್ಲ."

"ಕಡಿಮೆ ಓಡಿಸಿದ್ರೆ ರೂಢಿ ತಪ್ಪಿರುತ್ತೆ ಅಂತ ಸಿಸ್ಟಮ್ ಲೆಕ್ಕ, ಮೇಡಂ."

"ಜಾಸ್ತಿ ಓಡಿಸಿದ್ರೆ?"

"ಆಗ ರಿಸ್ಕ್ ಜಾಸ್ತಿ ಅಂತ..."

ಅಕ್ಕನ ಬಲಗಾಲು ಮೇಜಿನ ಕೆಳಗೆ ನೆಲ ಒತ್ತಿತು. ಕಲಿಯುವವರ ಪಕ್ಕ ಕೂತು ಎರಡನೇ ಬ್ರೇಕ್ ಒತ್ತಿ ಒತ್ತಿ ಬಂದ ಅಭ್ಯಾಸ. ಯಾರಾದರೂ ತಲೆಬುಡವಿಲ್ಲದ ಮಾತಾಡಿದರೆ ಈಗಲೂ ಆ ಕಾಲು ಸುಮ್ಮನಿರುವುದಿಲ್ಲ.

ಕೊನೆಗೆ ಹುಡುಗಿ ಎರಡು ದಾರಿ ಹೇಳಿದಳು. ಓಡಿಸಿದ್ದಕ್ಕೆಲ್ಲ ದಾಖಲೆ ಇದ್ದರೆ ಮೀಟರಿನ ಫೋಟೋ ಜೊತೆ ಕಳಿಸಿ, ಮ್ಯಾನೇಜರ್ ಮತ್ತೊಮ್ಮೆ ನೋಡುತ್ತಾರೆ. ಇಲ್ಲವೇ ಎಪ್ಪತ್ತರೊಳಗಿನ ಇನ್ನೊಬ್ಬರನ್ನು ಪಾಲಿಸಿಗೆ ಸೇರಿಸಿ. ಮನೆಯಲ್ಲಿ ಇರುವುದು ನಾವಿಬ್ಬರೇ. ನನಗೆ ಅರವತ್ತೆಂಟು. ಲೈಸೆನ್ಸೂ ಇದೆ.

ಅಕ್ಕ ನನ್ನನ್ನು ನೋಡಿ ಕೆಮ್ಮು ಬರುವಷ್ಟು ನಕ್ಕಳು. "ಯಾರು, ನಮ್ಮ ಹ್ಯಾಂಡ್‌ಬ್ರೇಕಾ? ಇವಳ ಹೆಸರು ಹಾಕಿದ್ರೆ ನಿಮ್ಮ ಕಂಪನಿನೇ ಮುಳುಗುತ್ತೆ!"

ಫೋನಿನಲ್ಲಿ ಆ ಹುಡುಗಿಯೂ ನಕ್ಕಳು. ನಾನೂ ನಕ್ಕೆ. ನಲವತ್ತು ವರ್ಷದ ಹಿಂದೆ ಹ್ಯಾಂಡ್‌ಬ್ರೇಕ್ ಇಳಿಸದೆ ಇಡೀ ಮಾರ್ಕೆಟ್ ರಸ್ತೆ ಓಡಿಸಿ ಹೊಗೆ ಎಬ್ಬಿಸಿದ್ದೆ, ನಿಜ. ಅದಕ್ಕೆ ಇನ್ನೂ ಅದೇ ಹೆಸರೇ? ಮನಸ್ಸಿಗೆ ನಾಟಿತು.

ಮಾರ್ಚ್ 5, ಗುರುವಾರ

ಅಕ್ಕ ಲಾಗ್‌ಬುಕ್ ಹಿಡಿದು ಕೂತಿದ್ದಾಳೆ. ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇರುವ ನೀಲಿ ಪುಸ್ತಕ. ತಾರೀಕು, ಗಂಟೆ, ಹೊರಟಾಗಿನ ಮೀಟರು, ಬಂದಾಗಿನ ಮೀಟರು, ಎಲ್ಲಿಗೆ. ಡ್ರೈವಿಂಗ್ ಸ್ಕೂಲಿನಲ್ಲಿ ಪ್ರತಿ ಪಾಠಕ್ಕೂ ಹೀಗೆ ಬರೆಯುತ್ತಿದ್ದಳು, ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಬಿಟ್ಟಿಲ್ಲ. ಬರೆಯದೆ ಕೀ ತೆಗೆಯುವುದಿಲ್ಲ. ಕಾರು ತೊಳೆದ ದಿನವೂ ಒಂದು ಸಾಲು, ಮುಂದೆ ಸೊನ್ನೆ.

"ಇದನ್ನ ನೋಡಿ ಆ ಮ್ಯಾನೇಜರ್ ನಾಚ್ಕೋಬೇಕು."

"ಒಪ್ಪದೇ ಇದ್ರೆ? ಮಾರಿಬಿಡೋಣ ಬಿಡು. ಟ್ಯಾಕ್ಸಿ ಸಿಗುತ್ತಪ್ಪ."

ನಾನು ಹೇಳಬಾರದಿತ್ತು. ಅಕ್ಕ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದಳು. "ಈ ಕಾರಲ್ಲಿ ಕೂತಾಗ ನಾನು ಇನ್ನೂ ಮೇಡಂ. ಇಳಿದ್ರೆ ಬರೀ ಮುದುಕಿ. ಅಷ್ಟೇ ವ್ಯತ್ಯಾಸ" ಅಂದಳು.

ಹನ್ನೆರಡನೇ ತಾರೀಕಿನೊಳಗೆ ಕಳಿಸಬೇಕಂತೆ.

ಮಾರ್ಚ್ 11, ಬುಧವಾರ, ಸಂಜೆ 5.30

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಕ ಇನ್ನೂ ಮಲಗಿದ್ದಾಳೆ.

ಅಕ್ಕನಿಗೆ ಶೀತ ಜೋರು. ಬೆಳಿಗ್ಗೆಯಿಂದ ಮಾತ್ರೆಯ ಮಂಪರು. ಎದ್ದು ಅರ್ಧ ಕಪ್ ಚಹಾ ಕುಡಿದು ಮತ್ತೆ ಮಲಗುವುದು. ಮೂರೂವರೆಗೆ ನೋಡಿದೆ, ಗೊರಕೆ. ಕೀ ತೆಗೆದುಕೊಂಡೆ.

ಒಂದು ವಾರದಿಂದ ತಲೆಯಲ್ಲಿ ಇದೇ. ದಿನಾ ಸ್ವಲ್ಪ ಸ್ವಲ್ಪ ಪ್ರಾಕ್ಟೀಸ್ ಮಾಡಿ, ಒಂದು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ, "ಈಗ ಹಾಕು ನನ್ನ ಹೆಸರು" ಅನ್ನಬೇಕು. ರೇಟೂ ಇಳಿಯುತ್ತೆ, ಹ್ಯಾಂಡ್‌ಬ್ರೇಕ್ ಅನ್ನುವುದೂ ನಿಲ್ಲುತ್ತೆ. ಹೋಗುವಾಗ ಚೆನ್ನಾಗಿಯೇ ಹೋಯಿತು. ಎರಡನೇ ಗೇರಿನಲ್ಲಿ ಸೂಪರ್‌ಮಾರ್ಕೆಟ್ಟಿನ ಹಿಂದಿನ ಪಾರ್ಕಿಂಗ್ ತನಕ. ಹಾಡು ಬೇರೆ ಗುನುಗಿದೆ, ನಾಚಿಕೆಗೆಟ್ಟವಳು. ರಿವರ್ಸ್ ತೆಗೆಯುವಾಗ ಸಿಮೆಂಟ್ ಕಂಬ. ಹಿಂದಿನ ಬಂಪರ್ ಎಡಗಡೆ ಒಳಗೆ ಹೋಗಿದೆ, ದೀಪದ ಗಾಜು ಒಡೆದಿದೆ. ಕಂಬಕ್ಕೆ ಏನೂ ಆಗಿಲ್ಲ. ಯಾರೂ ನೋಡಲಿಲ್ಲ.

ಮನೆಗೆ ತಂದು ನಿಲ್ಲಿಸಿದೆ. ಅಕ್ಕ ಎದ್ದ ಕೂಡಲೇ ಹೇಳಬೇಕು ಅಂತಲೇ ಇತ್ತು. ಆದರೆ ಮೀಟರು ನೋಡಿದೆ. ನಾಲ್ಕು ಕಿಲೋಮೀಟರು ಜಾಸ್ತಿ. ನಾಳೆ ಬೆಳಿಗ್ಗೆ ಅಕ್ಕ ಫೋಟೋ ತೆಗೆಯುತ್ತಾಳೆ. ಪುಸ್ತಕಕ್ಕೂ ಮೀಟರಿಗೂ ತಾಳೆಯಾಗಬೇಕು.

ಪೆನ್ನು ತೆಗೆದು ಒಂದು ಸಾಲು ಬರೆದೆ. ಮಾರ್ಚ್ 11, 3.40, ಮೀಟರು, ಔಷಧಿ ಅಂಗಡಿ. ಅಕ್ಕನ ಅಕ್ಷರದಲ್ಲಿ. ಅವಳು ಬರೆಯುವ 7ಕ್ಕೆ ಅಡ್ಡಗೆರೆ ಇರುತ್ತದೆ, 2ರ ಬಾಲ ಉದ್ದ. ನಾನು ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಹೆಡ್‌ಮಿಸ್ಸಿನ ಸಹಿ ನನ್ನ ಕೈಯಲ್ಲಿ ಅವರಿಗಿಂತ ಚೆನ್ನಾಗಿ ಬರುತ್ತಿತ್ತು, ಅವರೇ ಹಾಕಿಸುತ್ತಿದ್ದರು. ಇದನ್ನು ಯಾರೂ ಬರೆಸಲಿಲ್ಲ.

ಮಾರ್ಚ್ 12, ಗುರುವಾರ

ಅಕ್ಕ ಫೋಟೋ ತೆಗೆಯಲು ಕೆಳಗಿಳಿದವಳು ಹತ್ತು ನಿಮಿಷದಲ್ಲಿ ಬರಬೇಕಾದ್ದು, ಮುಕ್ಕಾಲು ಗಂಟೆಯಾಯಿತು. ಬಂದಳು. ಕೈಯಲ್ಲಿ ನೀಲಿ ಪುಸ್ತಕ. ಚಪ್ಪಲಿ ಬಿಡಲಿಲ್ಲ.

"ನಿನ್ನೆ ಮಧ್ಯಾಹ್ನ ನಾನು ಔಷಧಿ ಅಂಗಡಿಗೆ ಹೋಗಿದ್ನಾ?"

ಆಗ ಹೇಳಬಹುದಿತ್ತು. ಬಾಯಿವರೆಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಪಾತ್ರೆ ಒರೆಸುತ್ತಾ, "ಹೋಗಿದ್ಯಲ್ಲ" ಅಂದೆ.

ಒಂದೇ ಮಾತು. ಹಿಂತೆಗೆದುಕೊಳ್ಳಲು ಇಡೀ ಬೆಳಿಗ್ಗೆ ಇತ್ತು. ಹಿಂತೆಗೆದುಕೊಳ್ಳಲಿಲ್ಲ.

ಮಾರ್ಚ್ 13, ಶುಕ್ರವಾರ

ನಿನ್ನೆ ಲಾಗ್‌ಬುಕ್ಕಿನ ಕಾಪಿ ಜೊತೆ ಅಕ್ಕ ಕಾಗದವೊಂದು ಬರೆದು ಕಳಿಸಿದ್ದಾಳೆ. ಹನ್ನೊಂದನೇ ತಾರೀಕು ಎಲ್ಲೋ ಕಾರು ತಾಗಿಸಿದ್ದೇನೆ, ಎಲ್ಲಿ ಎಂದು ನೆನಪಿಲ್ಲ, ಓಡಿಸಿದ್ದೂ ನೆನಪಿಲ್ಲ, ತಿಳಿಸುವುದು ನನ್ನ ಕರ್ತವ್ಯ.

"ಯಾಕೆ ಬರೆದೆ? ಸಣ್ಣ ಡೆಂಟು. ಕ್ಲೇಮ್ ಮಾಡದಿದ್ರೆ ಆಯ್ತು."

"ಅಷ್ಟು ಜನಕ್ಕೆ ಏನಂತ ಕಲಿಸಿದೆ ನಾನು? ತಾಗಿದ್ರೆ ನಿಲ್ಲಿಸು, ಇಳಿ, ಹೇಳು. ನಾನು ಇಳಿದೂ ಇಲ್ಲ. ಯಾರಾದ್ರೂ ಮನುಷ್ಯರಿಗೆ ತಾಗಿದ್ರೆ?"

ಪೇಪರಿನಲ್ಲಿ ಆಕ್ಸಿಡೆಂಟ್ ಸುದ್ದಿ ಹುಡುಕಿದಳು. ನಿನ್ನೆಯದು, ಇವತ್ತಿನದು. ಬೆರಳಿಟ್ಟು ಸಾಲು ಸಾಲಾಗಿ. ಕಂಬ ಅಕ್ಕಾ, ಬರೀ ಕಂಬ. ನಾನು ಎಂಥ ಹೆಂಗಸು. ಎದುರಿಗೇ ಕೂತಿದ್ದೆ.

ಮಾರ್ಚ್ 20, ಶುಕ್ರವಾರ

ಉತ್ತರ ಬಂತು. ಮ್ಯಾನೇಜರು ಅಕ್ಕನ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾರೆ. ಆದರೂ ನೆನಪಿನ ಶಕ್ತಿಯ ಬಗ್ಗೆ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ರಿನ್ಯೂ ಆಗುವುದಿಲ್ಲ. ಅದನ್ನು ಕೊಟ್ಟರೂ ರೇಟು ಎರಡು ಪಟ್ಟು.

ಈಗ ಹೇಳಿದರೆ ಸುಳ್ಳು ದಾಖಲೆ ಅಂತ ಪಾಲಿಸಿಯೇ ಹೋಗಬಹುದು, ಅದಕ್ಕೆ ಸುಮ್ಮನಿದ್ದೇನೆ — ಅಂತ ಬರೆಯಲು ಹೊರಟಿದ್ದೆ. ಅದಲ್ಲ. ಅಮ್ಮ ಹೋದಾಗ ನನಗೆ ಹನ್ನೆರಡು. ಅಕ್ಕ ದಿನಕ್ಕೆ ಹತ್ತು ಗಂಟೆ ಪಕ್ಕದ ಸೀಟಿನಲ್ಲಿ ಕೂತು ನನ್ನನ್ನು ಓದಿಸಿದಳು. ಅವಳ ಕಣ್ಣಲ್ಲಿ ಸಣ್ಣವಳಾಗುವುದಕ್ಕೆ ಹೆದರಿಕೆ. ಅಷ್ಟೇ.

ಮಾರ್ಚ್ 27, ಶುಕ್ರವಾರ

ಡಾಕ್ಟರು ಗಡಿಯಾರ ಬರೆಸಿದರು. ಐದು ಪದ ಹೇಳಿ ಹತ್ತು ನಿಮಿಷ ಬಿಟ್ಟು ಕೇಳಿದರು. ನೂರರಿಂದ ಏಳೇಳು ಕಳೆಯಿರಿ ಅಂದರು. ಅಕ್ಕ ಎಲ್ಲ ಸರಿಯಾಗಿ ಹೇಳಿದಳು. ಗಡಿಯಾರಕ್ಕೆ ಸೆಕೆಂಡಿನ ಮುಳ್ಳೂ ಹಾಕಿದಳು. ಡಾಕ್ಟರು ನಗುತ್ತಾ ಪೆನ್ನು ತೆಗೆದುಕೊಂಡರು.

"ತಡೀರಿ ಡಾಕ್ಟ್ರೇ" ಅಂದಳು ಅಕ್ಕ. ಆ ದಿನದ್ದೆಲ್ಲ ಹೇಳಿದಳು. ಹನ್ನೊಂದನೇ ತಾರೀಕು, ಮೂರು ನಲವತ್ತು, ನಾಲ್ಕು ಕಿಲೋಮೀಟರು. "ನನ್ನ ಕೈಬರಹ ಇದೆ. ನನಗೆ ಮಾತ್ರ ನೆನಪಿಲ್ಲ."

"ಪರೀಕ್ಷೇಲಿ ಏನೂ ತೊಂದ್ರೆ ಕಾಣಲ್ಲ. ಆದ್ರೆ ನೀವೇ ಹೀಗೆ ಹೇಳಿದ ಮೇಲೆ ನಾನು ಸಹಿ ಹಾಕೋಕಾಗಲ್ಲ. ಆರು ತಿಂಗಳು ನೋಡೋಣ." ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ನೀವು ಗಮನಿಸಿದ್ದು ಏನಾದ್ರೂ ಇದೆಯಾ?"

ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ತಲೆಯಾಡಿಸಿದೆ. ಇಲ್ಲ ಅಂತ. ಅಕ್ಕ ನನ್ನ ಕೈ ತಟ್ಟಿದಳು, ನಾನು ಅವಳ ಮಾನ ಉಳಿಸುತ್ತಿದ್ದೇನೆ ಅಂದುಕೊಂಡು.

ಏಪ್ರಿಲ್ 7, ಮಂಗಳವಾರ

ಹತ್ತು ದಿನದಿಂದ ಬರೆದಿಲ್ಲ. 

ಪಾಲಿಸಿ ಮೂವತ್ತೊಂದಕ್ಕೆ ಮುಗಿಯಿತು. ಕಾರಿಗೆ ಕವರ್ ಹಾಕಿದೆವು. ಅಕ್ಕ ಹೊಸ ಪುಸ್ತಕ ತಂದಿದ್ದಾಳೆ, ಕಾರಿಗಲ್ಲ. ಇವತ್ತು ಅವಳು ಸ್ನಾನಕ್ಕೆ ಹೋದಾಗ ತೆರೆದು ನೋಡಿದೆ. 7.15 ಹಲ್ಲುಜ್ಜಿದೆ. 8.10 ಬಿಪಿ ಮಾತ್ರೆ, ಒಂದು. 8.40 ಗ್ಯಾಸ್ ಆಫ್, ಎರಡು ಸಲ ನೋಡಿದೆ. 9.05 ತಂಗಿ ಅಂಗಡಿಗೆ ಹೋದಳು, ಬಾಗಿಲು ಹಾಕಿದೆ.

ಪುಟ ಪುಟ ಹೀಗೇ. ತನ್ನನ್ನು ತಾನೇ ಕಾಯುತ್ತಿದ್ದಾಳೆ. ಬಚ್ಚಲಿನ ಬಾಗಿಲಿಗೆ ಹಣೆಯಿಟ್ಟು ನಿಂತೆ. ಒಳಗಿನಿಂದ, "ಯಾಕೇ, ಅರ್ಜೆಂಟಾ?" ಅಂದಳು. ನಗು ಬಂತು, ಅಳುವೂ ಬಂತು.

ಏಪ್ರಿಲ್ 16, ಗುರುವಾರ

ನಾಳೆ ಮಧ್ಯಾಹ್ನ ಲೈಸೆನ್ಸ್ ವಾಪಸ್ ಕೊಡುತ್ತಾಳಂತೆ. ಕಾರು ಅವಳ ಹಳೆಯ ಮೆಕ್ಯಾನಿಕ್ ಕೊಳ್ಳುತ್ತಾನೆ. ಫೋನಿನಲ್ಲಿ ಅವನು, "ಯಾಕ್ ಮೇಡಂ, ಇನ್ನೂ ಹತ್ತು ವರ್ಷ ಓಡಿಸ್ತೀರಿ ನೀವು" ಅಂದನಂತೆ. ಅಕ್ಕ ಅದನ್ನು ನನಗೆ ಎರಡು ಸಲ ಹೇಳಿದಳು. ಎರಡನೇ ಸಲ ಹೇಳಿ ತಟ್ಟನೆ ನಿಂತಳು.

"ಇದನ್ನ ಆಗ್ಲೇ ಹೇಳಿದ್ನಾ?"

"ಇಲ್ಲ."

ಮತ್ತೊಂದು ಸುಳ್ಳು. ಇದು ಒಳ್ಳೆಯದಕ್ಕೆ ಅಂತೆ.

ಏಪ್ರಿಲ್ 17, ಶುಕ್ರವಾರ, ಬೆಳಿಗ್ಗೆ 11

ಹೇಳಿದೆ.

ಅಕ್ಕ ಲೈಸೆನ್ಸಿನ ಪ್ಲಾಸ್ಟಿಕ್ ಕವರನ್ನು ಸೆರಗಿನಿಂದ ಒರೆಸುತ್ತಿದ್ದಳು. ವಾಪಸ್ ಕೊಡುವುದನ್ನು ಒರೆಸಿ ಕೊಡುತ್ತಿದ್ದಾಳೆ. ನೋಡಲಾಗಲಿಲ್ಲ. ಕಂಬ, ಗಾಜು, ನೀಲಿ ಪುಸ್ತಕ, ಡಾಕ್ಟರ ಮುಂದೆ ತಲೆಯಾಡಿಸಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ನಕ್ಕಳು! "ಸುಮ್ನಿರೇ. ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನಿಂಗೆ ರಿವರ್ಸ್ ಬರಲ್ಲ."

"ಬರಲ್ಲ. ಅದಕ್ಕೇ ಕಂಬಕ್ಕೆ ತಾಗಿದ್ದು."

"ಚಿಕ್ಕಂದಿನಿಂದ ಹೀಗೇ ನೀನು. ನಾನು ಬೈಸಿಕೊಂಡ್ರೆ ನಂದೇ ತಪ್ಪು ಅಂತ ಮಧ್ಯ ಬರೋಳು."

ನಂಬುತ್ತಿಲ್ಲ. ಕಾಗದ ತೆಗೆದುಕೊಂಡು ಅವಳ ಕಣ್ಣೆದುರೇ ಆ ಸಾಲು ಬರೆದೆ. ತಾರೀಕು, ಗಂಟೆ, ಮೀಟರು, ಔಷಧಿ ಅಂಗಡಿ. ನೀಲಿ ಪುಸ್ತಕದ ಪಕ್ಕ ಇಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡಳು. ಇದನ್ನು ನೋಡಿದಳು, ಅದನ್ನು ನೋಡಿದಳು. ಅದೇ ಉದ್ದ ಬಾಲದ 2.

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೇ ಇತ್ತು.

"ಹಾಗಾದ್ರೆ ನನ್ನ ತಲೆ ಸರಿ ಇದೆ" ಅಂದಳು. ಇನ್ನೊಂದು ಸಲ, ಮೆಲ್ಲಗೆ, "ಸರಿ ಇದೆ." ಒಂದು ತಿಂಗಳಿಂದ ಕಾಣದ ಮುಖ ವಾಪಸ್ ಬಂತು. ಬೈಗುಳ ಒಂದೂ ಇಲ್ಲ. ಅದನ್ನೇ ತಡೆದುಕೊಳ್ಳಲಾಗಲಿಲ್ಲ, ಅವಳ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ. ಅಕ್ಕ ಕೂದಲು ಸವರುತ್ತಿದ್ದಳು. ಆಮೇಲೆ ಆ ಕೈ ನಿಂತಿತು.

"ಹೋದ ಸೋಮವಾರ ಬ್ಯಾಂಕಿಂದ ನಡ್ಕೊಂಡು ಬರ್ತಾ ನಮ್ಮ ಬೀದಿ ಯಾವ್ದು ಅಂತ ಗೊತ್ತಾಗ್ಲಿಲ್ಲ. ಶೂ ಅಂಗಡಿ ಮುಂದೆ ಅರ್ಧ ಗಂಟೆ ನಿಂತಿದ್ದೆ. ಯಾರನ್ನ ಏನಂತ ಕೇಳ್ಲಿ? ನಿಂಗೆ ಹೇಳ್ಲಿಲ್ಲ. ಪುಸ್ತಕದಲ್ಲೂ ಬರೀಲಿಲ್ಲ."

ಮೂವತ್ತನಾಲ್ಕು ವರ್ಷ ಅವಳು ಪಾಠ ಹೇಳಿದ ರಸ್ತೆ ಅದು.

"ಅದು ಹೆದರಿಕೆಗೇ ಆಗಿದ್ದು ಅಲ್ವಾ? ನೀನು ಹೀಗೆ ಮಾಡಿದ್ದಕ್ಕೇ ಹಾಗಾಯ್ತು. ಅಲ್ವಾ? ನೀನೇ ಹೇಳು."

ನನ್ನ ಮಣಿಕಟ್ಟು ಹಿಡಿದು ಕೇಳಿದಳು. ತಪ್ಪು ನನ್ನದೇ ಆಗಿರಲಿ ಅಂತ ಬೇಡುತ್ತಿದ್ದಾಳೆ. ಚಹಾ ತರ್ತೀನಿ ಇರು ಅಂತ ಎದ್ದು ಬಂದುಬಿಟ್ಟೆ. ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ನೀರು ಕುದಿಯುತ್ತಿದೆ.

ಹೌದು ಅನ್ನಬೇಕು. ಹಾಗಂದರೆ ಇವತ್ತು ಲೈಸೆನ್ಸ್ ಕೊಡುವುದಿಲ್ಲ, ನಾಳೆ ಕಾರಿನ ಕವರ್ ತೆಗೆಯುತ್ತಾಳೆ. ಡಾಕ್ಟರ ಕಡೆ ತಲೆ ಹಾಕುವುದಿಲ್ಲ. ಗೊತ್ತಿಲ್ಲ ಅಂದರೆ... ಗೊತ್ತಿಲ್ಲ ಅನ್ನುವುದೇ ನಿಜ.

ಕರೆಯುತ್ತಿದ್ದಾಳೆ. "ಏನೇ, ಹೇಳ್ಲೇ ಇಲ್ವಲ್ಲ?"

ಹೋಗಿ ಅವಳ ಮುಖ ನೋಡಿ ನಾನು ಈ ಸಲ ನಿಜವನ್ನೇ ಹೇಳುತ್ತೇನೆ: ಗೊತ್ತಿಲ್ಲ ಅಕ್ಕಾ, ಡಾಕ್ಟರ ಹತ್ರ ಹೋಗೋಣ.