ಗೋಡೆಗುಂಟ ಘಾಣೇರಿ

ವಾಳಪೈ
೧೪ ಮೇ ೨೦೦೭

ಯಮುನಾಬಾಯಿಯವರಿಗೆ ನಿಮ್ಮ ತೋಟದ ಮಾಳಿ ಹುಲಿಗೆಪ್ಪನ ನಮಸ್ಕಾರ.

ನೀವು ನರ್ಸರಿಯಿಂದ ತಂದು ಗೋಡೆಗುಂಟ ಹಚ್ಚಿಸಿದ ಬಣ್ಣದ ಹೂವಿನ ಗಿಡಗಳನ್ನು ನಾಳೆ ಬೇರುಸಹಿತ ಅಗೆಯುತ್ತೇನೆ. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿನ್ನೆ ದನದ ಡಾಕ್ಟರು ಗಿಡದ ಚೌಕಾಕಾರದ ಕಡ್ಡಿ ನೋಡಿ, ಎಲೆ ತಿಕ್ಕಿ ಮೂಸಿ, ಇದು ಘಾಣೇರಿ, ಅಂದರೆ ಲಂಟಾನ, ದನಕ್ಕೆ ವಿಷ ಎಂದರು.

ತಪ್ಪು ನನ್ನದೂ ಇದೆ. ಕತ್ತರಿಸಿದ ಟೊಂಗೆಗಳನ್ನು ಹಿಂದಿನ ಓಣಿಯ ಸಾವಂತ್ರೆವ್ವನಿಗೆ ಕೊಟ್ಟು, "ಬೇಲಿ ಹಾಕ್ಕೋ ತಂಗಿ, ಈ ವಾಸನಿಗೆ ದನ ಮುಟ್ಟಂಗಿಲ್ಲ" ಎಂದಿದ್ದೆ. ಇಲ್ಲಿಯ ದನ ಮುಟ್ಟುವುದಿಲ್ಲ, ಖರೆ. ಅವಳ ಆಕಳು ಕಳೆದ ತಿಂಗಳು ಬಾಗೇವಾಡಿಯಿಂದ ಲಾರಿಯಲ್ಲಿ ಬಂದದ್ದು. ಅದಕ್ಕೆ ಈ ಗಿಡವೇ ಗೊತ್ತಿಲ್ಲ. ಹಸಿದು ಬೇಲಿಯನ್ನೇ ತಿಂದಿದೆ. ಈಗ ಕಣ್ಣು ಹಳದಿಯಾಗಿದೆ, ಮೂತಿಯ ಚರ್ಮ ಸುಲಿದಿದೆ, ಬಿಸಿಲಿಗೆ ಎಳೆದರೆ ನಡುಗುತ್ತದೆ.

ಬೇಲಿ ಸುಟ್ಟೆವು. ಆದರೆ ನಾನು ಹೊಳೆದಂಡೆಗೆ ಒಗೆದ ಟೊಂಗೆಗಳೂ ಬೇರು ಬಿಟ್ಟಿವೆ. ಹಕ್ಕಿಗಳು ಹಣ್ಣು ತಿಂದು ಗುಡ್ಡದ ತುಂಬ ಬೀಜ ಉದುರಿಸಿವೆ. ಮಳೆ ಬಿದ್ದರೆ ಮುಗಿಯಿತು. "ಕತ್ತರಿಸಿದರ ಸಾಕಲ್ಲೋ" ಅಂತ ಫೋನಿನಲ್ಲಿ ಹೇಳಬೇಡಿ. ಆರು ವರ್ಷ ಕತ್ತರಿಸಿದ್ದೇನೆ, ಒಂದಕ್ಕೆ ನಾಲ್ಕಾಗಿ ಚಿಗುರಿದೆ. ಹೊಳೆದಂಡೆ ನನ್ನೊಬ್ಬನಿಂದ ಆಗದು, ಗುದ್ದಲಿ ಹಿಡಿಯಬಲ್ಲ ಇಬ್ಬರು ಆಳುಗಳನ್ನು ಕಳಿಸಿ. ಆಮೇಲೆ ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ.

ಸಾವಂತ್ರೆವ್ವ ಬೆಳಿಗ್ಗೆಯಿಂದ ಮೂರು ಸಲ ಬಂದು, "ಅಣ್ಣಾ, ಆಕಳ ಉಳಿತೈತಲ್ಲ?" ಎಂದು ಕೇಳಿದಳು. ಮೂರು ಸಲವೂ "ಉಳಿತೈತಿ" ಎಂದೆ. ಡಾಕ್ಟರು ಹಾಗೆ ಹೇಳಿಲ್ಲ.

ಇಂತಿ,
ಹುಲಿಗೆಪ್ಪ