ಹೊಲಿಗೆ ಮಿಷನ್ ಇವತ್ತು ಕೊಡಬೇಡ

ದುರ್ಗಕ್ಕಾ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಫಸ್ಟ್ ಶಿಫ್ಟಿಗೆ ಭೋಸರಿಯ ಫ್ಯಾಕ್ಟರಿಗೆ ಹೊರಟೆ, ನಾಲ್ಕಕ್ಕೆಲ್ಲ ಬಂದುಬಿಡುತ್ತೇನೆ.

ಪಕ್ಕದ ಮನೆಯ ತಿಪ್ಪವ್ವ ನಿನ್ನ ಹಳೆಯ ಕಾಲು ತುಳಿಯುವ ಹೊಲಿಗೆ ಮಿಷನ್ ಒಯ್ಯಲು ಬಂದರೆ ನಾಳೆ ಬರಲು ಹೇಳು. ಕರೆಂಟಿನ ಮಿಷನ್ ಬಂದ ಮೇಲೆ ಇದೇಕೆ ಎಂದು ಬೈಯುವ ಮುಂಚೆ ಪೂರ್ತಿ ಓದು.

ನಾನು ಮಾಡುತ್ತಿರುವ ಗಾಥಿಕ್ ರಾಕ್ ಕ್ಯಾಸೆಟ್ಟಿನ, ಆ ಕತ್ತಲು ಕವಿದಂಥ ಗಿಟಾರಿನ, ಐದು ಟ್ಯೂನುಗಳಲ್ಲಿ ಕೊನೆಯದಕ್ಕೆ ತಾಳವೇ ಸಿಕ್ಕಿರಲಿಲ್ಲ. ಡ್ರಮ್ ನಮ್ಮಲ್ಲಿಲ್ಲ, ಡಬ್ಬ ಬಡಿದರೆ ಡಬ್ಬದ ಸದ್ದೇ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ನೀನು ಆಚೆ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆಯಲ್ಲ, ಆಗ ಗಿಟಾರ್ ಹಿಡಿದು ಸುಮ್ಮನೆ ಕೂತಿದ್ದ ನನ್ನ ಬೆರಳು ನಿನ್ನ ತುಳಿತಕ್ಕೆ ತಾನಾಗಿ ಹೊರಳಿತು. ಮೈಕನ್ನು ಬಾಗಿಲ ಹತ್ತಿರ ಸರಿಸಿ ರೆಕಾರ್ಡ್ ಒತ್ತಿದೆ. ನಿನಗೆ ಹೇಳಲಿಲ್ಲ, ಅದು ತಪ್ಪು.

ಟೇಪಿನಲ್ಲಿ ಅದು ನೀರಿನಡಿಯಲ್ಲಿ ಯಾರೋ ನಡೆದು ಹೋಗುತ್ತಿರುವಂತೆ ಕೇಳುತ್ತದೆ. ನಡುವೆ ನೀನು ನಿಲ್ಲಿಸಿ, "ಕಿಶೋರ, ಹಾಡೋರಿಲ್ಲದ ಹಾಡು ಯಾರ್ ಕೇಳ್ತಾರೋ? ಭಾಳ ದುಃಖ ಅದ ಅದರಾಗ" ಅಂದಿದ್ದೂ ಇದೆ. ಆಮೇಲೆ ಮತ್ತೆ ತುಳಿಯುವಾಗ ನೀನು ನಿಧಾನ ಮಾಡಿದ್ದೀಯ, ನನ್ನ ಗಿಟಾರಿಗೆ ಸರಿಯಾಗಿ. ನಿನಗೇ ಗೊತ್ತಾಗಿರಲಿಕ್ಕಿಲ್ಲ. ನನಗೂ ರಾತ್ರಿ ಕೇಳಿದಾಗಲೇ ತಿಳಿದದ್ದು. ಮೂರು ಸಲ ಕೇಳಿದೆ.

ಆದರೆ ಟ್ಯೂನು ಮುಗಿಯುವ ಮುಂಚೆಯೇ ಟೇಪು ಮುಗಿದುಹೋಗಿದೆ. ನಾಳೆ ಕ್ಯಾಂಪ್ ಪೇಟೆಯ ಕ್ಯಾಸೆಟ್ ಅಂಗಡಿಗೆ ಕಾಪಿ ಮಾಡಿಸಲು ಕೊಡಬೇಕು. ಇವತ್ತು ಸಂಜೆ ಎದುರೆದುರು ಕೂತು ಇನ್ನೊಮ್ಮೆ ಮಾಡೋಣ. ನೀನು ತುಳಿ, ನಾನು ನಿನ್ನ ಕಾಲು ನೋಡುತ್ತ ಬಾರಿಸುತ್ತೇನೆ.

ಕ್ಯಾಸೆಟ್ಟಿನ ಕವರಿನ ಮೇಲೆ 'ತಾಳ' ಎಂಬುದರ ಮುಂದೆ ನಿನ್ನ ಹೆಸರು ಬರೆದಿದ್ದೇನೆ. ಬೇಡ ಅಂದರೆ ಅಳಿಸುತ್ತೇನೆ. ಬೇಡ ಅನ್ನಬೇಡ.

ಕಿಶೋರ