ಮೂರನೆಯ ದಾರಿಗೆ ಅರ್ಧ ಪುಟ ಸಾಕಂತೆ

ಮಾರ್ಚ್ ೪, ಬೆಳಗ್ಗೆ

ಪಾಪು ಮತ್ತೆ ಐದಕ್ಕೇ ಎದ್ದಿತು. ನಾನು ಏಳುವ ಪ್ರಶ್ನೆಯೇ ಇಲ್ಲ — ಮಲಗಿದ್ದರೆ ತಾನೆ. ಮೈ ಬಿಸಿಯಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದೆ. ಅತ್ತೆ, "ಹಾಗೆ ಮುಟ್ತಾ ಇದ್ರೆ ನಿನ್ನ ಕೈ ಬಿಸಿಗೇ ಅದಕ್ಕೆ ಜ್ವರ ಬರುತ್ತೆ, ಬಿಡು" ಎಂದರು. ಬಿಡಲಿಲ್ಲ.

ಹೆರಿಗೆ ರಜೆ ಮುಗಿಸಿ ವಿದೇಶಾಂಗ ಇಲಾಖೆಗೆ ಮರಳಿದ ಮೇಲೆ ಇದೇ ಮೊದಲ ದೊಡ್ಡ ಕೆಲಸ. ನಮ್ಮ ಸರಕು ಹಡಗಿನವರನ್ನು ಹಿಡಿದಿಟ್ಟುಕೊಂಡಿರುವವರು ನಮ್ಮ ಕರಾವಳಿಯಾಚೆಯ ಒಂದು ದ್ವೀಪದ ಬಂದೂಕಿನ ಗುಂಪು. ಅವರಿಗೆ ಮದ್ದುಗುಂಡು ಕೊಟ್ಟು ಸಾಕುತ್ತಿರುವುದು ನಮ್ಮ ಮೇಲೆ ಹಲ್ಲು ಮಸೆಯುವ ದೇಶ. ಏನು ಮಾಡಬೇಕೆಂದು ಮಂತ್ರಿಗಳಿಗೆ ಟಿಪ್ಪಣಿ ಹೋಗಬೇಕು. ನಮ್ಮಲ್ಲಿ ಟಿಪ್ಪಣಿಗೆ ಯಾವಾಗಲೂ ಮೂರು ದಾರಿ. ಮೊದಲನೆಯದು ಹೆದರಿಸುವುದಕ್ಕೆ — ಈ ಸಲ ಬಾಂಬು. ಕೊನೆಯದು ನಗಿಸುವುದಕ್ಕೆ — ಗುಂಪಿನ ಜೊತೆಗೇ ಮಾತುಕತೆ. ಸಹಿ ಬೀಳುವುದು ಮಾತ್ರ ನಡುವಿನದಕ್ಕೆ — ಸಾಕುವ ದೇಶದ ವ್ಯಾಪಾರ ಬಿಗಿ ಮಾಡುವುದು. ನಮ್ಮ ನಿರ್ದೇಶಕರಿಗೆ ನಡುದಾರಿ ಸಾಹೇಬರು ಎಂದು ಹೆಸರು ಬಂದಿರುವುದೇ ಹಾಗೆ.

ಮೂರನೆಯದು ನನ್ನ ಪಾಲಿಗೆ. "ಅರ್ಧ ಪುಟ ಸಾಕಮ್ಮ. ಬೇಗ ಮುಗಿಸಿ ಮಗು ಹತ್ರ ಹೋಗು." ಸಾಹೇಬರು ಕರುಣೆಯಿಂದಲೇ ಅಂದದ್ದು. ಮೈ ಉರಿಯಿತು.

ಮಾರ್ಚ್ ೫, ಮಧ್ಯಾಹ್ನ

ಹಡಗಿನ ಅಡುಗೆಯವನ ಹೆಂಡತಿ ಇವತ್ತೂ ಫೋನ್ ಮಾಡಿದಳು. ಬೇರೆಯವರು ಎತ್ತುವುದನ್ನೇ ಬಿಟ್ಟಿದ್ದಾರೆ. ಗಂಡನಿಗೆ ಸಕ್ಕರೆ ಕಾಯಿಲೆ. ಜೊತೆಗಿದ್ದ ಇನ್ಸುಲಿನ್ ಮುಗಿಯುತ್ತಾ ಬಂದಿದೆ. "ಅಕ್ಕ, ಟೀವೀಲಿ ಹೇಳೋ ಹಾಗೆ ವ್ಯಾಪಾರ ಬಿಗಿ ಮಾಡಿದ್ರೆ ಅವರಿಗೆ ಯಾವಾಗ ಬಿಸಿ ತಟ್ಟುತ್ತೆ?" ತಿಂಗಳುಗಟ್ಟಲೆ ಆಗಬಹುದು. ಅವನ ಬಳಿ ಅಷ್ಟು ಸಮಯವಿಲ್ಲ. ನನ್ನ ಸ್ವಂತ ನಂಬರು ಕೊಟ್ಟೆ. ಕೊಡಬಾರದು, ಗೊತ್ತು.

ಆಮೇಲೆ ಆ ಗುಂಪಿನ ರೇಡಿಯೋ ಭಾಷಣಗಳನ್ನೆಲ್ಲ ಓದಿದೆ. ವಿಚಿತ್ರ... ಸಾಕುವ ದೇಶ ಇವರ ಹೆಸರಲ್ಲಿ ಕೇಳುತ್ತಿರುವುದು ಬಂದರಿನ ಹಕ್ಕು, ತೆರಿಗೆ ರಿಯಾಯಿತಿ. ಇವರು ತಮ್ಮ ಜನರೊಡನೆ ಮಾತಾಡುವಾಗ ಅದರ ಸುದ್ದಿಯೇ ಇಲ್ಲ. ನಮ್ಮ ಗಸ್ತು ದೋಣಿಯವರು ಹಿಡಿದು ತಂದ ಅವರ ಗಾಯಾಳುಗಳದ್ದೇ ಮಾತು. ಪ್ರತಿ ಸಲ.

ಎಲ್ಲರೂ ಇವರನ್ನು ಎತ್ತಿದವರ ಕೈಗೂಸು ಎನ್ನುತ್ತಾರೆ. ಕೂಸು ಸಾಕಿದವರಿಗೆ ಗೊತ್ತು — ಎತ್ತಿದವರು ಹೇಳಿದ್ದನ್ನೆಲ್ಲ ಅದು ಕೇಳುವುದಿಲ್ಲ.

ಮಾರ್ಚ್ ೬, ಸಂಜೆ

ಅರ್ಧ ಪುಟ ಆರು ಪುಟವಾಯಿತು. ಅವರ ಗಾಯಾಳುಗಳನ್ನು ಬಿಡೋಣ, ಬದಲಿಗೆ ಮೊದಲು ಅಡುಗೆಯವನನ್ನು ಕೇಳೋಣ. ಕೊಟ್ಟರೆ, ಸ್ವಂತ ಬುದ್ಧಿಯಿಂದ ನಡೆಯಬಲ್ಲರು ಎಂದಾಯಿತು. ಉಳಿದವರ ಬಗ್ಗೆ ಮಾತು ಮುಂದುವರಿಸಬಹುದು. ಕೊಡದಿದ್ದರೆ ಬೇರೆ ಎರಡು ದಾರಿಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಸಾಹೇಬರು ಓದಿ ಕನ್ನಡಕ ತೆಗೆದರು. "ಗೊಂಬೆ ಜೊತೆ ಮಾತಾಡ್ತೀಯಾ? ಸೂತ್ರ ಹಿಡಿದವನ ಜೊತೆ ಮಾತಾಡ್ಬೇಕು."

"ಗೊಂಬೆಗೆ ಗಾಯ ಆಗಲ್ಲ ಸರ್. ಇವರ ಹುಡುಗರು ನಮ್ಮ ಆಸ್ಪತ್ರೇಲಿ ನರಳ್ತಿದ್ದಾರೆ."

"ನಾಳೆ ಅವರೇ ಮತ್ತೆ ಬಂದೂಕು ಹಿಡಿದು ಬಂದ್ರೆ?"

"ಬರಬಹುದು. ಅದನ್ನೂ ಬರೆದಿದ್ದೀನಿ."

ಕನ್ನಡಕ ಮತ್ತೆ ಏರಿಸಿ ನನ್ನ ಮುಖ ನೋಡಿದರು. "ನಿದ್ದೆ ಮಾಡ್ತೀಯೋ ಇಲ್ವೋ ನೀನು?"

"ಇಲ್ಲ ಸರ್."

"ಗೊತ್ತಾಗುತ್ತೆ. ನಿದ್ದೆ ಮಾಡಿದವರು ಇಷ್ಟು ಬರೆಯಲ್ಲ."

ಆದರೆ ಒಂದು ಸಾಲನ್ನೂ ಹೊಡೆಯದೆ ಮೇಲಕ್ಕೆ ಕಳಿಸಿದರು.

ಮಾರ್ಚ್ ೧೧

ಮಂತ್ರಿಗಳ ಸಹಿ ಮೂರನೆಯದಕ್ಕೆ. ಸಾಹೇಬರ ಮುಖ ನೋಡಬೇಕಿತ್ತು.

ಗಾಯಾಳುಗಳು ಇವತ್ತೇ ದೋಣಿ ಹತ್ತಿದರು. ನಾಳಿದ್ದು ಕತ್ತಲಾಗುವುದರೊಳಗೆ ಅಡುಗೆಯವನು ಬಂದರೆ ಮರುದಿನವೇ ಉಳಿದವರ ಬಗ್ಗೆ ಗುಂಪಿನೊಡನೆ ಮಾತು, ಮಾತಾಡುವವಳು ನಾನೇ; ಬರದಿದ್ದರೆ ಮೊದಲನೆಯ ದಾರಿ. ವಿಮಾನಗಳು ಸಿದ್ಧವಾಗಿವೆ. ಬಾಂಬು ಬಿದ್ದರೆ ನಮ್ಮವರು ಯಾರು, ಅವರು ಯಾರು ಎಂದು ನೋಡುವುದಿಲ್ಲ. ಆದರೂ ಇನ್ನೊಮ್ಮೆ ಬರೆ ಎಂದರೆ ಅದನ್ನೇ ಬರೆಯುತ್ತೇನೆ. ಸರಿಯಾಗಿಯೇ ಇದೆ.

ಮಾರ್ಚ್ ೧೩, ಸಂಜೆ

"ಇಲ್ಲಿ ಕೂತು ಫೋನಿಗೆ ದೃಷ್ಟಿ ಹಾಕಬೇಡ" ಎಂದು ಸಾಹೇಬರು ಮನೆಗೆ ಅಟ್ಟಿದರು. ಇಲ್ಲಿ ಅತ್ತೆ. "ಯಾರದೋ ಗಂಡ ಬರಲಿಲ್ಲ ಅಂತ ನೀನು ಉಪವಾಸ ಕೂತ್ರೆ ಪಾಪೂಗೆ ಹಾಲು ಎಲ್ಲಿಂದ ಬರುತ್ತೆ? ತಿನ್ನು ಮೊದಲು." ತಿಂದೆ. ಬರುತ್ತಾನೆ. ಕಳಿಸುತ್ತಾರೆ. ಕಿಟಕಿಯಲ್ಲಿ ಇನ್ನೂ ಬೆಳಕಿದೆ—

ಫೋನ್ ಬಂತು. ಕಚೇರಿಯಿಂದಲ್ಲ, ಅಡುಗೆಯವನ ಹೆಂಡತಿಯಿಂದ. "ಅಕ್ಕ, ಇವರನ್ನ ಬಿಟ್ರು, ದೋಣಿಯಿಂದಲೇ ಮಾತಾಡಿದ್ರು. ಸಕ್ಕರೆ ಎಷ್ಟಿದೆ ಅಂತ ಕೇಳಿದ್ರೆ, ಮೊದಲು ನಿನ್ನ ದನಿ ಕೇಳಿಸು ಮಾರಾಯ್ತಿ ಅಂತ ನಕ್ರು." ಆಮೇಲೆ ದನಿ ತಗ್ಗಿಸಿದಳು. "ಉಳಿದವರ ಮನೆಯವರೂ ಇಲ್ಲೇ ಇದ್ದಾರೆ ಅಕ್ಕ. ನಮ್ಮವರು ಯಾವಾಗ ಅಂತಾರೆ. ಏನು ಹೇಳಲಿ?"

ಫೋನ್ ಅವರಿಗೇ ಕೊಡು ಎಂದೆ. ಮೊದಲು ಬಂದದ್ದು ಇಂಜಿನ್ ರೂಮಿನವನ ತಾಯಿ. ಬೇರೇನೂ ಕೇಳಲಿಲ್ಲ ಆಕೆ. "ನಾಳೆ ಅವರ ಜೊತೆ ಮಾತಾಡ್ತೀರಂತಲ್ಲ ತಾಯಿ. ನನ್ನ ಮಗನಿಗೆ ಮಲಗೋಕೆ ಜಾಗ ಇದೆಯಾ, ಕೇಳಿ." ಕೇಳುತ್ತೇನೆ ಎಂದೆ. ನಾಳೆ ಮೊದಲ ಪ್ರಶ್ನೆಯೇ ಅದು.